ರೆಫರಿ ಆಗಬೇಕಾ? ಕೋಲಾರದವರಿಗೆ ಇರುವ ನಾಲ್ಕು ದಾರಿ, ಯಾವುದು ಯಾರಿಗೆ

ನಮ್ಮ ಜಿಲ್ಲೆಯಲ್ಲಿ ಫುಟ್‌ಬಾಲ್ ಟೂರ್ನಮೆಂಟ್ ಮಾಡಲು ಜನಕ್ಕೆ ಕೊರತೆ ಇಲ್ಲ. ಟ್ರೋಫಿ ಕೊಡಿಸುವವರು ಸಿಗುತ್ತಾರೆ, ಫ್ಲೆಕ್ಸ್ ಕಟ್ಟುವವರು ಸಿಗುತ್ತಾರೆ, ಮೈಕ್ ಹಿಡಿದು ಮೂರು ಭಾಷೆಯಲ್ಲಿ ಕಾಮೆಂಟರಿ ಹೇಳುವವರಂತೂ ಬೇಡ ಅಂದರೂ ಬರುತ್ತಾರೆ. ಸಿಗದೇ ಇರುವುದು ರೆಫರಿ. ಕೊನೆಗೆ ಮಂಡಿ ನೋವು ಅಂತ ಆಟ ಬಿಟ್ಟ ಯಾರೋ ಹಳೇ ಆಟಗಾರನನ್ನು ಹಿಡಿದು, ಕೈಗೆ ವಿಷಲ್ ಕೊಟ್ಟು, "ಅಣ್ಣಾ, ಸುಮ್ನೆ ಊದು ಸಾಕು" ಅಂತ ಒಳಗೆ ಕಳಿಸುತ್ತಾರೆ. ಹತ್ತು ನಿಮಿಷಕ್ಕೆ ಗಲಾಟೆ ಶುರು.

ಹಾಗಾಗಿ ಯಾರಾದರೂ ತಾವಾಗಿಯೇ ಬಂದು ರೆಫರಿ ಆಗಬೇಕು ಅಂದರೆ ನನಗೆ ಬಹಳ ಖುಷಿ. ಸಂಬಳ ಇಲ್ಲ, ಬಸ್ ಚಾರ್ಜು ಮತ್ತು ಊಟ ಸಿಕ್ಕರೆ ಪುಣ್ಯ ಅಂತ ಗೊತ್ತಿದ್ದೂ ಬರುತ್ತಾರಲ್ಲ, ಅಂಥವರು ಬೇಕು. ಅವರೆಲ್ಲ ಕೇಳುವುದು ಒಂದೇ, ಎಲ್ಲಿ ಕಲಿಯುವುದು? ಪುಸ್ತಕ ಓದಿಕೊಂಡು ಊರ ಮೈದಾನದಲ್ಲೇ ಊದುತ್ತಾ ಕಲಿಯಬಹುದು. ಶಾಲಾ ಕ್ರೀಡಾಕೂಟದ ಪಂದ್ಯಗಳಲ್ಲಿ ಪಿಟಿ ಮೇಷ್ಟ್ರ ಜೊತೆ ನಿಂತು ಕಲಿಯಬಹುದು. ಕೃತಕ ಹುಲ್ಲಿನ ಟರ್ಫ್‌ನಲ್ಲಿ ಫೈವ್ಸ್, ಅಂದರೆ ತಂಡಕ್ಕೆ ಐವರ ಆಟ, ಆಡಿಸಬಹುದು. ಇಲ್ಲವೇ ನೇರವಾಗಿ ಬೆಂಗಳೂರಿಗೆ ಹೋಗಿ ರಾಜ್ಯ ಸಂಸ್ಥೆಯ ಪರೀಕ್ಷೆ ಬರೆಯಬಹುದು.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಸರ್ಟಿಫಿಕೇಟ್ ನೋಡಿ ದಾರಿ ಆರಿಸಬೇಡಿ. ನೀವು ಊದುವಾಗ ವಿಷಯ ಗೊತ್ತಿರುವ ಒಬ್ಬರು ಗೆರೆಯ ಹೊರಗೆ ನಿಂತು ಪೂರ್ತಿ ನೋಡಿ, ಆಮೇಲೆ ಮುಲಾಜಿಲ್ಲದೆ ಮುಖಕ್ಕೆ ಹೇಳುವಂತಿರಬೇಕು. ಅದು ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗಿ. ಕೆಳಗೆ ನಾಲ್ಕನ್ನೂ ಇದೇ ಅಳತೆಯಿಂದ ನೋಡಿದ್ದೇನೆ.

ಪುಸ್ತಕ ಮತ್ತು ಊರ ಮೈದಾನ

ಖರ್ಚಿಲ್ಲದ ದಾರಿ ಇದು. ಫುಟ್‌ಬಾಲ್‌ನ ನಿಯಮ ಮಾಡುವುದು ಫಿಫಾ ಅಂತ ಬಹಳ ಜನ ತಿಳಿದಿದ್ದಾರೆ. ಅದು ಐಎಫ್‌ಎಬಿ ಎಂಬ ಬೇರೆ ಮಂಡಳಿ, 1886ರಲ್ಲಿ ಶುರುವಾಗಿದ್ದು. ಫಿಫಾ ಅದರಲ್ಲಿ ಒಂದು ಪಾಲುದಾರ ಅಷ್ಟೇ. ಒಟ್ಟು 17 ನಿಯಮ. ಪುಸ್ತಕ ಅವರ ವೆಬ್‌ಸೈಟ್‌ನಲ್ಲೇ ಬಿಟ್ಟಿಯಾಗಿ ಸಿಗುತ್ತದೆ, ಮೊಬೈಲ್ ಆ್ಯಪ್ ಕೂಡ ಇದೆ. ಪ್ರತಿ ವರ್ಷ ಜುಲೈ 1ಕ್ಕೆ ಹೊಸ ಆವೃತ್ತಿ ಜಾರಿಗೆ ಬರುತ್ತದೆ, ಆದ್ದರಿಂದ ಯಾರೋ ಕೊಟ್ಟ ಹಳೇ ಜೆರಾಕ್ಸ್ ನೆಚ್ಚಿಕೊಳ್ಳಬೇಡಿ.

ಒಂದರಿಂದ ಹದಿನೇಳರವರೆಗೆ ಸಾಲಾಗಿ ಓದಲು ಕೂತರೆ ಬೋರ್ ಹೊಡೆದು ಎರಡನೇ ನಿಯಮದಲ್ಲೇ ಬಿಡುತ್ತೀರಿ. ಅಲ್ಲಿ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ ಅಂತೆಲ್ಲಾ ಇದೆ, ಅದು ಆಮೇಲೆ ಓದಿದರೂ ಆಗುತ್ತದೆ. ಮೊದಲು 5ನೇ ನಿಯಮ, ಅದು ರೆಫರಿಯ ಬಗ್ಗೆ. ಆಮೇಲೆ 12, ಅದು ಫೌಲ್‌ನ ಬಗ್ಗೆ. ಆಮೇಲೆ 11, ಆಫ್‌ಸೈಡ್, ಅಂದರೆ ಪಾಸ್ ಕೊಟ್ಟ ಕ್ಷಣದಲ್ಲಿ ಫಾರ್ವರ್ಡ್ ಚೆಂಡಿಗಿಂತಲೂ ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಗೋಲಿಗೆ ಹತ್ತಿರ ಇದ್ದನಾ ಅನ್ನುವುದು. ಮೈದಾನದಲ್ಲಿ ಆಗುವ ಜಗಳದ ಮುಕ್ಕಾಲು ಭಾಗ ಈ ಮೂರರಲ್ಲೇ ಇದೆ.

ಪುಸ್ತಕ ಇಂಗ್ಲಿಷ್‌ನಲ್ಲಿದೆ, ಇಂಗ್ಲಿಷ್ ಸರಾಗವಾಗಿ ಓದಲು ಬಾರದವರು ಅಲ್ಲೇ ಹೆದರಿ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಓದಲು ಬರುವ ಒಬ್ಬನನ್ನು ಜೊತೆಗೆ ಕೂರಿಸಿಕೊಳ್ಳಿ, ಅವನು ಒಂದು ಪ್ಯಾರಾ ಓದಲಿ, ನೀವು ಅದನ್ನು ಕನ್ನಡದಲ್ಲಿ ಒಂದು ಪಂದ್ಯದ ಸನ್ನಿವೇಶ ಮಾಡಿ ಹೇಳಿ. ಹೇಳಲು ತಡವರಿಸಿದರೆ ಅರ್ಥವಾಗಿಲ್ಲ ಅಂತಲೇ ಲೆಕ್ಕ. ಇಂಗ್ಲಿಷ್ ಚೆನ್ನಾಗಿ ಬರುವವನಿಗಿಂತ ಹೀಗೆ ಕಲಿತವನಿಗೆ ನಿಯಮ ಗಟ್ಟಿಯಾಗಿ ಕೂರುತ್ತದೆ.

ಇಷ್ಟು ಮಾಡಿದರೂ ನೀವು ಬಹಳ ಹಳೇ ಆಟಗಾರರಿಗಿಂತ ಮುಂದೆ ಇರುತ್ತೀರಿ. ನಿಜವಾಗಿ. ಗೋಲ್ ಕಿಕ್ ಪೆನಾಲ್ಟಿ ಬಾಕ್ಸ್‌ನಿಂದ ಹೊರಗೆ ಬಂದ ಮೇಲೇ ಮುಟ್ಟಬೇಕು ಅಂತ ಇನ್ನೂ ವಾದ ಮಾಡುವವರಿದ್ದಾರೆ, ಆ ನಿಯಮ 2019ರಲ್ಲೇ ಹೋಯಿತು. ಥ್ರೋನಿಂದ ನೇರವಾಗಿ ಚೆಂಡು ಬಂದರೆ ಆಫ್‌ಸೈಡ್ ಇಲ್ಲ, ಆದರೂ ಕೈ ಎತ್ತಿ ಕೂಗುತ್ತಾರೆ. ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ 6 ಸೆಕೆಂಡ್‌ಗಿಂತ ಜಾಸ್ತಿ ಇಟ್ಟುಕೊಂಡರೆ ಇನ್‌ಡೈರೆಕ್ಟ್ ಫ್ರೀ ಕಿಕ್ ಅನ್ನುವುದು ಹಳೇ ಮಾತು. 2025ರ ಜುಲೈನಿಂದ ಅದು 8 ಸೆಕೆಂಡ್ ಆಗಿದೆ, ಮೀರಿದರೆ ಎದುರು ತಂಡಕ್ಕೆ ಕಾರ್ನರ್. ಕೊನೆಯ 5 ಸೆಕೆಂಡನ್ನು ರೆಫರಿ ಕೈ ಎತ್ತಿ ಬೆರಳಲ್ಲಿ ಎಣಿಸಿ ತೋರಿಸಬೇಕು. ಇನ್ನು ಕೈಗೆ ತಾಗಿದ್ದೆಲ್ಲಾ ಹ್ಯಾಂಡ್ ಅಲ್ಲ, ಬೇಕಂತಲೇ ಮುಟ್ಟಿದನಾ, ಕೈ ಅಗಲಿಸಿ ದೇಹವನ್ನು ಅಸಹಜವಾಗಿ ದೊಡ್ಡದು ಮಾಡಿಕೊಂಡಿದ್ದನಾ ಅಂತ ನೋಡಬೇಕು. ಜನ ಕೂಗಿದರು ಅಂತ ಊದಿದರೆ ಆವತ್ತಿಗೆ ನೀವು ಮುಗಿದಿರಿ.

ಆದರೆ ಪುಸ್ತಕ ಎಲ್ಲಿ ನಿಲ್ಲಬೇಕು ಅಂತ ಹೇಳಿಕೊಡುವುದಿಲ್ಲ. ಅಂದರೆ, ಬರೆದಿದೆ, ಚಿತ್ರವೂ ಇದೆ, ಆದರೆ ಕಾಲಿಗೆ ಬರುವುದಿಲ್ಲ. ಎಡ ಮೂಲೆಯಿಂದ ಬಲ ಮೂಲೆಗೆ ಓರೆಯಾಗಿ ಓಡುತ್ತಾ, ಚೆಂಡು ನಿಮಗೂ ಗೆರೆಯ ಪಕ್ಕ ಬಾವುಟ ಹಿಡಿಯುವ ಲೈನ್ಸ್‌ಮನ್‌ಗೂ ನಡುವೆ ಇರುವಂತೆ ನೋಡಿಕೊಳ್ಳಬೇಕು ಅನ್ನುವುದು ಓದಲು ಒಂದು ಸಾಲು. ಮೈದಾನದಲ್ಲಿ ಚೆಂಡಿನ ಹಿಂದೆ ಹುಡುಗರ ಹಾಗೆ ನೀವೂ ಓಡುತ್ತಿರುತ್ತೀರಿ. ಅದನ್ನು ಯಾರಾದರೂ ಹೊರಗಿನಿಂದ ನೋಡಿ ಹೇಳುವವರೆಗೂ ನಿಮಗೆ ಗೊತ್ತೇ ಆಗುವುದಿಲ್ಲ.

ಈ ವಿಷಯದಲ್ಲಿ ಕೆಜಿಎಫ್ ಕಡೆಯವರು ಅದೃಷ್ಟವಂತರು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಫುಟ್‌ಬಾಲ್ ಹುಚ್ಚು ಮಾತ್ರ ಹೋಗಿಲ್ಲ. ಗಣಿ ಕಾಲದಲ್ಲಿ ಆಡಿದ ಹಿರಿಯರು ಈಗಲೂ ಸಂಜೆ ಮೈದಾನದ ಪಕ್ಕ ಬಂದು ಕೂರುತ್ತಾರೆ, ಅವರ ಕಣ್ಣಿಗೆ ಏನೂ ತಪ್ಪುವುದಿಲ್ಲ. ಒಮ್ಮೆ ಒಂದು ಸೆವೆನ್ಸ್ ಪಂದ್ಯ ಮುಗಿದ ಮೇಲೆ ಅಂಥ ಒಬ್ಬ ತಾತ ಹೊಸ ಹುಡುಗ ರೆಫರಿಯನ್ನು ಕರೆದು ಹೇಳಿದ್ದು ನನ್ನ ಕಿವಿಗೂ ಬಿತ್ತು. "ತಮ್ಮಾ, ಪೆನಾಲ್ಟಿ ಕೊಟ್ಟಿದ್ದು ಸರಿ. ಆದ್ರೆ ಥ್ರೋಗೆ ಊದಿದ ಹಾಗೇ ಊದಿದೆಯಲ್ಲ, ಅದಕ್ಕೇ ಅವರು ಮುತ್ತಿಗೆ ಹಾಕಿದ್ದು." ಇದು ಪುಸ್ತಕದಲ್ಲೂ ಇರುವ ಮಾತೇ. ಚೆಂಡು ಸ್ಪಷ್ಟವಾಗಿ ಗೆರೆ ದಾಟಿದರೆ ಥ್ರೋಗೆ, ಕಾರ್ನರ್‌ಗೆ, ಗೋಲ್ ಕಿಕ್‌ಗೆ ವಿಷಲ್ ಬೇಕಾಗಿಲ್ಲ, ಕೈ ತೋರಿಸಿದರೆ ಸಾಕು. ಎಲ್ಲದಕ್ಕೂ ಊದುತ್ತಾ ಹೋದರೆ ಊದಲೇಬೇಕಾದ ಕಡೆ ಅದಕ್ಕೆ ಬೆಲೆ ಇರುವುದಿಲ್ಲ. ಆ ಹುಡುಗ ಪುಸ್ತಕ ಓದಿದ್ದ. ತಾತ ಹೇಳಿದ ಮೇಲೆ ಅವನ ವಿಷಲ್ ಬದಲಾಯಿತು.

ಶಾಲೆ ಪಂದ್ಯಗಳು

ನನ್ನನ್ನು ಕೇಳಿದರೆ ಹೊಸಬರಿಗೆ ಇದೇ ಒಳ್ಳೆಯದು, ಆದರೆ ಬಹಳ ಜನ ಇದನ್ನು ದಾರಿ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಶಾಲೆ ಶುರುವಾಗಿ ಒಂದೆರಡು ತಿಂಗಳಿಗೆ ಹೋಬಳಿ ಮಟ್ಟದ ಕ್ರೀಡಾಕೂಟ, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಸಾಲಾಗಿ ಬರುತ್ತದೆ. ಪಂದ್ಯ ಆಡಿಸುವವರು ಪಿಟಿ ಮೇಷ್ಟ್ರುಗಳೇ. ಅವರಿಗೆ ಅದೇ ದಿನ ಕಬಡ್ಡಿ, ಖೋಖೋ, ವಾಲಿಬಾಲ್, ಊಟದ ವ್ಯವಸ್ಥೆ, ಸರ್ಟಿಫಿಕೇಟ್ ಬರೆಯುವುದು, ಬಿದ್ದ ಮಗುವಿಗೆ ಬ್ಯಾಂಡೇಜು, ಎಲ್ಲಾ ತಲೆ ಮೇಲೆ. ಫುಟ್‌ಬಾಲ್‌ಗೆ ಬಾವುಟ ಹಿಡಿಯಲು ಒಬ್ಬರು ಬರುತ್ತೇನೆ ಅಂದರೆ ಬೇಡ ಅನ್ನುವ ಮೇಷ್ಟ್ರನ್ನು ನಾನು ಕಂಡಿಲ್ಲ. ಆದರೆ ಪಂದ್ಯದ ದಿನ ಬೆಳಗ್ಗೆ ಹೋಗಿ ನಿಲ್ಲಬೇಡಿ. ಒಂದು ವಾರ ಮುಂಚೆ ಶಾಲೆಗೆ ಹೋಗಿ, ಮೇಷ್ಟ್ರನ್ನೂ ಹೆಡ್‌ಮಾಸ್ಟರನ್ನೂ ನೋಡಿ, ಯಾರು ಏನು ಅಂತ ಹೇಳಿ ಬನ್ನಿ. ಮಕ್ಕಳಿರುವ ಜಾಗ, ಅಪರಿಚಿತರು ಸುಮ್ನೆ ಒಳಗೆ ಬರುವಂತಿಲ್ಲ, ಬರಲೂಬಾರದು.

ಲಾಭ ಏನೆಂದರೆ ಒಂದೇ ದಿನ ಸಾಲು ಸಾಲು ಪಂದ್ಯ. ಒಂದರಲ್ಲಿ ಬಾವುಟ, ಇನ್ನೊಂದರಲ್ಲಿ ವಿಷಲ್, ಮಧ್ಯೆ ಹತ್ತು ನಿಮಿಷ ನೆರಳಲ್ಲಿ ಕೂತು ಮೇಷ್ಟ್ರ ಜೊತೆ "ಆ ಫೌಲ್ ನೀವು ಯಾಕೆ ಕೊಡಲಿಲ್ಲ ಸಾರ್?" ಅಂತ ಕೇಳುವ ಅವಕಾಶ. ನಾನು ಹೇಳಿದ ಆ ನೋಡಿ ಹೇಳುವವರು ಇಲ್ಲಿ ತಾವಾಗಿಯೇ ಪಕ್ಕದಲ್ಲಿ ಇರುತ್ತಾರೆ. ಮಕ್ಕಳು ವಾದ ಮಾಡುವುದೂ ಕಡಿಮೆ, ವಾದ ಮಾಡುವುದು ಅವರ ಅಪ್ಪಂದಿರು.

ಇಲ್ಲಿ ಕಲಿಯುವ ಇನ್ನೊಂದು ವಿಷಯ, ಯಾವುದನ್ನು ಹೇಳಿಕೊಡಬೇಕು, ಯಾವುದಕ್ಕೆ ದಂಡ ಹಾಕಬೇಕು ಅನ್ನುವುದು. ಸಣ್ಣ ಹುಡುಗ ಥ್ರೋ ಹಾಕುವಾಗ ಹಿಂದಿನ ಕಾಲು ಎತ್ತುತ್ತಾನೆ, ಅಥವಾ ಚೆಂಡನ್ನು ತಲೆಯ ಹಿಂದಿನಿಂದ ತರದೆ ಎದೆಯಿಂದಲೇ ತಳ್ಳುತ್ತಾನೆ. ಎರಡೂ ಕಾಲು ನೆಲ ಮುಟ್ಟಿರಬೇಕು, ಎರಡೂ ಕೈಯಿಂದ ತಲೆ ಮೇಲಿಂದ ಹಾಕಬೇಕು, ತಪ್ಪಿದರೆ ಥ್ರೋ ಎದುರು ತಂಡಕ್ಕೆ. ಪಾಯಿಂಟ್ ಇರುವ ಪಂದ್ಯದಲ್ಲಿ ಅದೇ ಸರಿ. ಅಭ್ಯಾಸ ಪಂದ್ಯವಾದರೆ ಮಗುವಿನ ಪಕ್ಕ ಹೋಗಿ ಕಾಲು ಹೇಗಿಡಬೇಕು ಅಂತ ತೋರಿಸಿ, ಇನ್ನೊಂದು ಸಲ ಹಾಕಿಸಿ. ಮಕ್ಕಳ ಮತ್ತು ತಳಮಟ್ಟದ ಆಟಕ್ಕೆ ಐಎಫ್‌ಎಬಿ ಸ್ವತಃ ಸಡಿಲ ಕೊಟ್ಟಿದೆ. ಮೈದಾನ, ಗೋಲು, ಚೆಂಡಿನ ಅಳತೆ ಚಿಕ್ಕದು ಮಾಡಬಹುದು, ಸಮಯ ಕಡಿಮೆ ಮಾಡಬಹುದು, ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರಬಹುದು, ಹಳದಿ ಕಾರ್ಡಿನ ಬದಲು ಸ್ವಲ್ಪ ಹೊತ್ತು ಹೊರಗೆ ಕೂರಿಸುವ ಪದ್ಧತಿಯನ್ನೂ ಇಟ್ಟುಕೊಳ್ಳಬಹುದು. ಇದೆಲ್ಲ ಟೂರ್ನಮೆಂಟ್ ನಡೆಸುವವರು ಮುಂಚೆಯೇ ತೀರ್ಮಾನ ಮಾಡಿರಬೇಕು, ರೆಫರಿ ಮಧ್ಯದಲ್ಲಿ ತನಗೆ ತೋಚಿದಂತೆ ಮಾಡುವಂತಿಲ್ಲ.

ನಷ್ಟ? ಆತುರ. ಸಂಜೆ ಬಸ್ ಹೊರಡುವುದರೊಳಗೆ ಫೈನಲ್ ಮುಗಿಯಬೇಕು ಅಂತ ಪಂದ್ಯ ಮೊಟಕು ಮಾಡುತ್ತಾರೆ, ಗೆರೆ ಅರ್ಧ ಅಳಿಸಿರುತ್ತದೆ, ಕಾರ್ನರ್ ಬಾವುಟದ ಜಾಗದಲ್ಲಿ ಕಲ್ಲು ಇಟ್ಟಿರುತ್ತಾರೆ. ಇಂಥ ಕಡೆ ಜಾಸ್ತಿ ದಿನ ಇದ್ದರೆ ನಿಮಗೂ "ನಡೆಯುತ್ತೆ ಬಿಡಿ" ಅನ್ನುವ ರೋಗ ಅಂಟಿಕೊಳ್ಳುತ್ತದೆ. ಒಂದೆರಡು ಸೀಸನ್ ಸಾಕು.

ಟರ್ಫ್

ಟರ್ಫ್ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ರಾತ್ರಿ ಲೈಟಿನಲ್ಲಿ ಆಡುತ್ತಾರೆ, ಕೆಲಸ ಮುಗಿಸಿ ಹೋಗಬಹುದು, ಚೆಂಡು ಯಾವಾಗಲೂ ಹತ್ತಿರ, ಒಂದು ಕ್ಷಣದಲ್ಲಿ ತೀರ್ಮಾನ ಮಾಡುವ ಅಭ್ಯಾಸ ಆಗುತ್ತದೆ. ಆದರೆ ಆಫ್‌ಸೈಡ್ ಇಲ್ಲ, ಲೈನ್ಸ್‌ಮನ್ ಇಲ್ಲ, ಓಟ ಇಲ್ಲ. ದೊಡ್ಡ ಮೈದಾನಕ್ಕೆ ಬೇಕಾದ ಮುಖ್ಯ ಮೂರು ವಿಷಯ ಇಲ್ಲಿ ಸಿಗುವುದೇ ಇಲ್ಲ.

ಟರ್ಫ್ ಫೈವ್ಸ್ ಮತ್ತು ಫುಟ್ಸಾಲ್ ಒಂದೇ ಅಂತಲೂ ತಿಳಿಯಬೇಡಿ. ಫುಟ್ಸಾಲ್‌ಗೆ ಬೇರೆಯೇ ನಿಯಮ ಪುಸ್ತಕ ಇದೆ. 20 ನಿಮಿಷದ ಎರಡು ಅವಧಿ, ಚೆಂಡು ಹೊರಗೆ ಹೋದಾಗ ಗಡಿಯಾರ ನಿಲ್ಲುತ್ತದೆ, ಥ್ರೋ ಬದಲು ಕಾಲಿನಿಂದ ಒಳಗೆ ಹಾಕಬೇಕು, ಅದಕ್ಕೆ 4 ಸೆಕೆಂಡ್ ಮಾತ್ರ, ಒಂದು ಅವಧಿಯಲ್ಲಿ ತಂಡದ ಆರನೇ ಫೌಲ್‌ನಿಂದ ಮುಂದೆ ಎದುರು ತಂಡಕ್ಕೆ ಅಡ್ಡ ಗೋಡೆ ಇಲ್ಲದ ಕಿಕ್. ನಿಮ್ಮ ಟರ್ಫ್‌ನವರು ಬಲೆಗೆ ಬಡಿದು ವಾಪಸ್ ಬಂದ ಚೆಂಡೂ ಆಟವೇ ಅಂದರೆ ಅದು ಆ ಟರ್ಫ್‌ನ ಮನೆ ನಿಯಮ. ಎರಡನೇ ಅಭ್ಯಾಸವಾಗಿ ಇಟ್ಟುಕೊಳ್ಳಿ, ಮೊದಲ ಪಾಠಶಾಲೆ ಮಾಡಿಕೊಳ್ಳಬೇಡಿ.

ಬೆಂಗಳೂರಿನ ಪರೀಕ್ಷೆ

ಅಧಿಕೃತ ದಾರಿ ಇದೊಂದೇ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅಡಿಯಲ್ಲಿ ರೆಫರಿಗಳಿಗೆ ಕ್ಯಾಟಗರಿಗಳಿವೆ, ಕೆಳಗಿನ ಮೆಟ್ಟಿಲು ಕ್ಯಾಟಗರಿ 5, ಮೇಲಿನದು ಕ್ಯಾಟಗರಿ 1. ನಮ್ಮಲ್ಲಿ ಶುರುವಿನ ಮೆಟ್ಟಿಲು ಹತ್ತಿಸುವುದು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ. ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಇದೆಯಲ್ಲ, ಅದೇ ಅವರ ನೆಲೆ. ನಿಯಮದ ಮೇಲೆ ಪ್ರಶ್ನೆ ಇರುತ್ತದೆ, ಓಟದ ಪರೀಕ್ಷೆ ಇರುತ್ತದೆ.

ಓಟವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫಿಫಾ ತನ್ನ ಅಂತರರಾಷ್ಟ್ರೀಯ ಪುರುಷ ರೆಫರಿಗಳಿಗೆ ಇಟ್ಟಿದ್ದ ಅಳತೆ ಹೇಳುತ್ತೇನೆ, ಮಾದರಿ ಅರ್ಥವಾಗಲಿ. ಮೊದಲು 40 ಮೀಟರ್ ಓಟ ಆರು ಸಲ, ಪ್ರತಿ ಸಲವೂ 6 ಸೆಕೆಂಡ್ ಒಳಗೆ. ಆಮೇಲೆ 75 ಮೀಟರ್ 15 ಸೆಕೆಂಡಿನಲ್ಲಿ ಓಡು, 25 ಮೀಟರ್ 18 ಸೆಕೆಂಡಿನಲ್ಲಿ ನಡೆ, ಹೀಗೆ 40 ಸಲ. ಒಟ್ಟು 4 ಕಿಲೋಮೀಟರ್, 22 ನಿಮಿಷ. ನಮ್ಮಂಥವರಿಗೆ ಆ ವೇಗ ಬೇಡ, ಆದರೆ ಓಡು, ನಡೆ, ಮತ್ತೆ ಓಡು ಅನ್ನುವ ಕ್ರಮ ಬೇಕೇ ಬೇಕು, ಯಾಕೆಂದರೆ ಪಂದ್ಯದಲ್ಲಿ ನಿಮ್ಮ ಕಾಲು ಮಾಡುವುದು ಅದನ್ನೇ. ದಿನಾ ಬೆಳಗ್ಗೆ ಒಂದೇ ಸಮನೆ ಜಾಗಿಂಗ್ ಮಾಡಿಕೊಂಡು ಸಿದ್ಧ ಆಗಿದ್ದೇನೆ ಅಂದುಕೊಂಡವರು ಹತ್ತನೇ ಸುತ್ತಿಗೆ ಸೊಂಟ ಹಿಡಿದುಕೊಂಡು ನಿಲ್ಲುತ್ತಾರೆ. ಕೋಲಾರದವರಿಗೆ ವಿಶ್ವೇಶ್ವರಯ್ಯ ಕ್ರೀಡಾಂಗಣ ಇದೆ, ಬೆಳಗ್ಗೆ ಬೇಗ ಹೋದರೆ ಜಾಗ ಸಿಗುತ್ತದೆ.

ಪರೀಕ್ಷೆಯ ನಿಜವಾದ ಲಾಭ ಪಾಸಾದ ಮೇಲೆ ಬರುತ್ತದೆ. ಬೆಂಗಳೂರಿನ ಲೀಗ್ ಪಂದ್ಯಗಳಲ್ಲಿ ನಿಮಗಿಂತ ಅನುಭವ ಇರುವ ಮೂವರ ಜೊತೆ ಡ್ಯೂಟಿ ಬೀಳುತ್ತದೆ. ಅವರಿಂದ ಕಲಿಯುವುದು ಊರಲ್ಲಿ ಸಾಧ್ಯವಿಲ್ಲ. ಆದರೆ ಇಲ್ಲೇ ನಮ್ಮ ಕಡೆಯವರಿಗೆ ತೊಡಕು. ಲೀಗ್ ಪಂದ್ಯಗಳು ವಾರದ ಮಧ್ಯದಲ್ಲಿ ಮಧ್ಯಾಹ್ನವೂ ಇರುತ್ತವೆ. ಕೋಲಾರದಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್, ಕೆಜಿಎಫ್‌ನಿಂದ ಸುಮಾರು 100. ಮಾರಿಕುಪ್ಪಂ ರೈಲಿನಲ್ಲಿ ದಿನಾ ಕೆಲಸಕ್ಕೆ ಹೋಗಿ ಬರುವವರಿಗೆ ಇದು ಹೊಸದಲ್ಲ. ನರಸಾಪುರ, ವೇಮಗಲ್ ಕಡೆ ಶಿಫ್ಟಿನಲ್ಲಿ ದುಡಿಯುವವರು ಮಾತ್ರ ಯೋಚನೆ ಮಾಡಬೇಕು, ರಾತ್ರಿ ಪಾಳಿ ಮುಗಿಸಿ ನಿದ್ದೆ ಇಲ್ಲದೆ ಹೋಗಿ 90 ನಿಮಿಷ ಓಡುವುದು ಆಗುವ ಮಾತಲ್ಲ. ಪಾಸಾಗಿ ಡ್ಯೂಟಿಗೆ ಹೋಗಲು ಆಗದೆ ಕಾರ್ಡು ಬೀರುವಿನಲ್ಲಿ ಇಟ್ಟುಕೊಂಡವರು ಇದ್ದಾರೆ. ಪರೀಕ್ಷೆಗೆ ಅರ್ಜಿ ಹಾಕುವ ಮುಂಚೆ ತಿಂಗಳಿಗೆ ಎಷ್ಟು ದಿನ ಬೆಂಗಳೂರಿಗೆ ಬರಬಲ್ಲಿರಿ ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಿ.

ವಿಷಲ್ ಮೊದಲಾ, ಬಾವುಟ ಮೊದಲಾ?

ಯಾವ ದಾರಿ ಹಿಡಿದರೂ ಈ ಪ್ರಶ್ನೆ ಬರುತ್ತದೆ. ಎಲ್ಲರಿಗೂ ಮಧ್ಯದಲ್ಲಿ ವಿಷಲ್ ಹಿಡಿದು ನಿಲ್ಲುವ ಆಸೆ. ಬಾವುಟ ಅಂದರೆ ಏನೋ ಕೆಳಗಿನ ಕೆಲಸ ಅನ್ನುವ ಭಾವನೆ. ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಭಾರತದ ತಂಡ ಆಡಿಲ್ಲ, ಆದರೆ 2002ರ ವಿಶ್ವಕಪ್‌ನಲ್ಲಿ ತಮಿಳುನಾಡಿನ ಕೆ. ಶಂಕರ್ ಸಹಾಯಕ ರೆಫರಿಯಾಗಿ ಕೆಲಸ ಮಾಡಿದರು. ಬಾವುಟ ಹಿಡಿದೇ ಅಲ್ಲಿಗೆ ಹೋದದ್ದು.

ಬಾವುಟ ಮೊದಲು ಅಂತ ನಾನು ಹೇಳುವುದಕ್ಕೆ ಕಾರಣ ಬೇರೆ. ಲೈನ್ಸ್‌ಮನ್‌ಗೆ ನೋಡಬೇಕಾದ್ದು ಸ್ಪಷ್ಟವಾಗಿದೆ. ಕೊನೆಯಿಂದ ಎರಡನೇ ಎದುರಾಳಿಯ ಸಮಕ್ಕೆ ನಿಲ್ಲಬೇಕು, ಚೆಂಡು ಅವನನ್ನು ದಾಟಿದ್ದರೆ ಚೆಂಡಿನ ಸಮಕ್ಕೆ. ಪಾಸ್ ಕೊಟ್ಟ ಕ್ಷಣದಲ್ಲಿ ಫಾರ್ವರ್ಡ್ ಎಲ್ಲಿದ್ದ ಅಂತ ಮನಸ್ಸಿನಲ್ಲಿ ಫೋಟೋ ತೆಗೆದುಕೊಳ್ಳಬೇಕು, ಆಮೇಲೆ ಅವನು ಆಟದಲ್ಲಿ ಭಾಗಿಯಾದನಾ ಅಂತ ಕಾಯಬೇಕು. ಈ ಕಾಯುವುದನ್ನು ಕಲಿತವರು ಮಧ್ಯಕ್ಕೆ ಬಂದಾಗ ಅಡ್ವಾಂಟೇಜ್ ಕೊಡುವುದನ್ನೂ, ಅಂದರೆ ಫೌಲ್ ತಿಂದ ತಂಡಕ್ಕೇ ಲಾಭ ಇದ್ದರೆ ಊದದೆ ಆಟ ಮುಂದುವರಿಸುವುದನ್ನೂ, ಬೇಗ ಕಲಿಯುತ್ತಾರೆ. ಮೊದಲ ದಿನವೇ ವಿಷಲ್ ಹಿಡಿದವರ ಕೈ ಅವಸರದಲ್ಲಿ ಬಾಯಿಗೇ ಹೋಗುತ್ತಿರುತ್ತದೆ.

ಜೇಬಿನಲ್ಲಿ ಏನಿರಬೇಕು ಅಂತ ಕೇಳುತ್ತಾರೆ. ಎರಡು ವಾಚು, ಒಂದು ನಿಂತರೂ ಇನ್ನೊಂದು ಇರಲಿ. ಹಳದಿ, ಕೆಂಪು ಕಾರ್ಡು, 1970ರ ವಿಶ್ವಕಪ್‌ನಿಂದ ಬಂದ ಪದ್ಧತಿ ಇದು. ಟಾಸ್‌ಗೆ ನಾಣ್ಯ. ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು, ಬೆವರಿನ ಕೈಯಲ್ಲಿ ಒದ್ದೆಯಾದ ಕಾಗದದ ಮೇಲೆ ಪೆನ್ನು ಬರೆಯುವುದಿಲ್ಲ. ಒಳಗೆ ಗುಂಡು ಇರುವ ಹಳೇ ವಿಷಲ್ ಬೇಡ, ನಮ್ಮ ಮೈದಾನದ ಕೆಂಪು ಧೂಳಿಗೆ ಗುಂಡು ಕಚ್ಚಿಕೊಂಡು ಬೇಕಾದಾಗಲೇ ಕೈ ಕೊಡುತ್ತದೆ. ಗುಂಡಿಲ್ಲದ ಫಾಕ್ಸ್ 40 ಥರದ್ದು ತೆಗೆದುಕೊಳ್ಳಿ. ಪಂದ್ಯಕ್ಕೆ ಮುಂಚೆ ಎಲ್ಲರ ಕೈ, ಕತ್ತು ನೋಡಿ ಕಡಗ, ಉಂಗುರ, ಸರ ಬಿಚ್ಚಿಸಿ. ದೇವಸ್ಥಾನದಲ್ಲಿ ಹಾಕಿಸಿಕೊಂಡ ಕಡಗ ಅಂತ ಒಬ್ಬ ಹೇಳಿಯೇ ಹೇಳುತ್ತಾನೆ, ಅವನ ಮನೆಯವರ ಕೈಗೆ ಕೊಟ್ಟು ಬರಲು ಹೇಳಿ, ವಾದಕ್ಕೆ ನಿಲ್ಲಬೇಡಿ.

ಇನ್ನೊಂದು, ಇದು ನಮ್ಮ ಜಿಲ್ಲೆಗೇ ಹೇಳುವ ಮಾತು. ಬೈಗುಳ ಕೆಂಪು ಕಾರ್ಡಿನ ತಪ್ಪು, ಯಾವ ಭಾಷೆಯಲ್ಲಿ ಬೈದರೂ. ಕೋಲಾರದ ಮೈದಾನದಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಓಡಾಡುತ್ತವೆ. ಒಂದು ತಂಡದವರ ಬೈಗುಳ ಅರ್ಥವಾಗಿ ಇನ್ನೊಂದು ತಂಡದವರದ್ದು ಅರ್ಥವಾಗದೇ ಹೋದರೆ ನೀವು ಪಕ್ಷಪಾತ ಮಾಡಿದ ಹಾಗೇ ಆಗುತ್ತದೆ, ಅಲ್ವಾ? ನಾಲ್ಕು ಭಾಷೆಯ ಬೈಗುಳವೂ ಕಿವಿಗೆ ಹತ್ತಬೇಕು. ಯಾವ ಕೋರ್ಸಿನಲ್ಲೂ ಇದನ್ನು ಕಲಿಸುವುದಿಲ್ಲ.

ಹಾಗಾದರೆ ನೀವು?

ಡಿಗ್ರಿ ಓದುತ್ತಿರುವ ಹುಡುಗ ಹುಡುಗಿಯರಿಗೆ ನನ್ನ ಸಲಹೆ, ಒಂದು ಸೀಸನ್ ಶಾಲೆ ಪಂದ್ಯಗಳಲ್ಲಿ ಬಾವುಟ ಹಿಡಿದು ಆಮೇಲೆ ಪರೀಕ್ಷೆಗೆ ಹೋಗಿ. ವಯಸ್ಸು ನಿಮ್ಮ ಕಡೆ ಇದೆ, ಕಾಲಿನಲ್ಲಿ ಓಟ ಇದೆ, ಮೇಲಿನ ಮೆಟ್ಟಿಲು ಹತ್ತಲು ಸಮಯ ಇದೆ. ಹುಡುಗಿಯರಿಗೆ ಇನ್ನೂ ಒತ್ತಿ ಹೇಳುತ್ತೇನೆ. ತಮಿಳುನಾಡಿನ ದಿಂಡಿಗಲ್‌ನ ರೂಪಾ ದೇವಿ ಫಿಫಾ ಪಟ್ಟಿಯ ರೆಫರಿ ಆದವರು, ಅದೇನು ದೊಡ್ಡ ಮಹಾನಗರವಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳ ಪಂದ್ಯಕ್ಕೂ ಗಂಡಸರೇ ಊದುತ್ತಿರುತ್ತಾರೆ, ನೀವು ಬಂದರೆ ಜಾಗ ಖಾಲಿಯೇ ಇದೆ.

ನಲವತ್ತು ದಾಟಿದ ಹಳೇ ಆಟಗಾರರು ಪರೀಕ್ಷೆಯ ಹಿಂದೆ ಬೀಳುವ ಬದಲು ಊರ ಮೈದಾನವನ್ನೇ ಹಿಡಿಯಿರಿ, ಆದರೆ ಹೊಸ ಪುಸ್ತಕ ಓದಿಕೊಂಡು. "ನಾನು ಇಪ್ಪತ್ತು ವರ್ಷ ಆಡಿದ್ದೇನೆ, ನನಗೆ ಗೊತ್ತಿಲ್ವಾ?" ಅನ್ನುವವರಿಗೇ 2019ರ ಗೋಲ್ ಕಿಕ್ ಗೊತ್ತಿರುವುದಿಲ್ಲ. ಶಿಫ್ಟಿನಲ್ಲಿ ದುಡಿಯುವವರಿಗೆ ಟರ್ಫ್ ಮತ್ತು ಭಾನುವಾರದ ಪಂದ್ಯ ಎರಡೂ ಸೇರಿಸಿಕೊಂಡರೆ ಸಾಕು. ಪಿಟಿ ಮೇಷ್ಟ್ರುಗಳು ಹೇಗೂ ಊದುತ್ತಿದ್ದೀರಿ, ರಜೆಯಲ್ಲಿ ಪರೀಕ್ಷೆ ಬಿದ್ದರೆ ಬರೆದುಬಿಡಿ, ನಿಮ್ಮ ಕೈ ಕೆಳಗೆ ಇನ್ನೂ ನಾಲ್ವರು ತಯಾರಾಗುತ್ತಾರೆ.

ಹತ್ತಿರದಲ್ಲಿ ನೋಡಿ ಹೇಳುವವರು ಯಾರೂ ಇಲ್ಲ ಅನ್ನುವವರು, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗಳಿಂದ ಇದನ್ನೇ ಕೇಳುತ್ತಾರೆ, ಇಬ್ಬರು ಜೋಡಿಯಾಗಿ ಶುರು ಮಾಡಿ. ಒಬ್ಬ ಊದುವಾಗ ಇನ್ನೊಬ್ಬ ಗೋಲಿನ ಹಿಂದೆ ನಿಂತು ಫೋನಿನಲ್ಲಿ ವಿಡಿಯೋ ಮಾಡಲಿ. ಚೆಂಡನ್ನು ಹಿಂಬಾಲಿಸಬಾರದು, ಪೂರ್ತಿ ಪಂದ್ಯ ಕ್ಯಾಮೆರಾ ರೆಫರಿಯ ಮೇಲೇ ಇರಬೇಕು. ಸಂಜೆ ಟೀ ಅಂಗಡಿಯಲ್ಲಿ ಕೂತು ಇಬ್ಬರೂ ನೋಡಿ, ಮುಂದಿನ ಭಾನುವಾರ ಜಾಗ ಅದಲು ಬದಲು ಮಾಡಿಕೊಳ್ಳಿ.